ಫೆಲ್ಟ್ ಗೂಳಪ್ಪನ ಸೂರು

ಡಿಸೆಂಬರಿನ ಒಂದು ಬೆಳಿಗ್ಗೆ, ಆಕಾಶದಲ್ಲಿ ಹೆಸರಿಗೂ ಮೋಡವಿಲ್ಲದ ಹೊತ್ತಿನಲ್ಲಿ, ದಾಂಡೇಲಿಯ ಗೂಳಪ್ಪನ ಮನೆಯೊಳಗೆ ಮಳೆ ಬಂತು. ಮಳೆ ಅಂದರೆ ಒಂದೇ ಹನಿ. ಆದರೆ ಅದು ಬಿದ್ದದ್ದು ಜೊಯಿಡಾ ಕಡೆಯಿಂದ ಬಂದಿದ್ದ ಮಹಾಬಳೇಶ್ವರನ ಬೋಳು ತಲೆಯ ನಟ್ಟನಡುವೆ. ಆ ಹೊತ್ತಿಗೆ ಸರಿಯಾಗಿ ಗೂಳಪ್ಪ ಎಡಗೈ ಸೊಂಟಕ್ಕಿಟ್ಟು, ಬಲಗೈ ಚಾವಣಿಯತ್ತ ಎತ್ತಿ, "ಈ ಸೂರಿನ ಕೆಳಗ ಬಿಸಲಿಗೂ ಪ್ರವೇಶ ಇಲ್ಲ, ನೀರಿಗೂ ಪ್ರವೇಶ ಇಲ್ರಿ" ಎಂಬ ತನ್ನ ಮಾಮೂಲಿ ಭಾಷಣದ 'ಇಲ್ರಿ'ಗೆ ಬಂದು ನಿಂತಿದ್ದ.

ಮಹಾಬಳೇಶ್ವರ ಸಭ್ಯ ಮನುಷ್ಯ. ತಲೆ ಒರೆಸಿಕೊಂಡ, ಕೈ ನೋಡಿಕೊಂಡ. ಹನಿ ಕಂದು ಬಣ್ಣದ್ದಾಗಿತ್ತು. ಮೂಸಿ ನೋಡಿ, ಬಹಳ ಮರ್ಯಾದೆಯಿಂದ ಕೇಳಿದ: "ಮೇಲೆ ಬೆಕ್ಕೇನಾದ್ರೂ ಸಾಕಿದ್ದೀರಾ?"

ಎರಡನೆಯ ಹನಿ ಅವನ ಚಹಾದ ಕಪ್ಪಿಗೇ ಬಿದ್ದು ಉತ್ತರ ಕೊಟ್ಟಿತು.

ಅಡಿಗೆಮನೆಯ ಬಾಗಿಲಲ್ಲಿ ರೊಟ್ಟಿಯ ತಾಟು ಹಿಡಿದು ನಿಂತಿದ್ದ ಶಂಕ್ರೆವ್ವನಿಗೆ, ಹನಿ ಹನಿಯಾಗಿ ಮಾನ ಹೋಗುವುದರ ಬದಲು ತಗಡೆಲ್ಲ ಒಂದೇ ಸಲ ಗಂಡನ ಮೇಲೆ ಬೀಳಬಾರದೇ ಅನ್ನಿಸಿತು. ಆದರೂ ತಾಟು ಮುಂದೆ ಮಾಡಿದಳು. ಮಹಾಬಳೇಶ್ವರ ಬಂದದ್ದೇ ರೊಟ್ಟಿಗಾಗಿ. ಕಾಳಿ ಹೊಳೆಯ ದಂಡೆಯ ಮೇಲೆ ಅವನದೊಂದು ಹೋಮ್‌ಸ್ಟೇ, ಅವನ ಭಾವಂದಿರದು ಇನ್ನೆರಡು. ದೋಣಿಯಲ್ಲಿ ಕೂತು ಕೂಗಾಡಿ ಹಸಿದು ಬರುವ ದೊಡ್ಡ ಊರಿನವರಿಗೆಲ್ಲ ಈಗ ಕಡಕ್ ರೊಟ್ಟಿ, ಎಣ್ಣೆಗಾಯಿ ಬೇಕು. ಫೋಟೋ ತೆಗೆದ ಮೇಲೆ ಅರ್ಧ ತಿಂದು ಬಿಡಬೇಕು. ಮೂರೂ ಕಡೆಗೆ ಮೇ ತಿಂಗಳ ತನಕ ವಾರಕ್ಕೊಮ್ಮೆ ರೊಟ್ಟಿ ಕೊಡುವ ಮಾತು ಇವತ್ತು ಮುಗಿಯಬೇಕಿತ್ತು.

ಕಡಕ್ ರೊಟ್ಟಿಗೆ ಇರುವುದು ಒಂದೇ ಕರ್ತವ್ಯ: ಮುರಿಯುವುದು. ಮಹಾಬಳೇಶ್ವರ ಒಂದನ್ನು ಎರಡೂ ಕೈಯಲ್ಲಿ ಹಿಡಿದು ಮುರಿಯಲು ನೋಡಿದ. ಅದು ಬಾಗಿತು. ಇನ್ನಷ್ಟು ಒತ್ತಿದ. ಚುನಾವಣೆಗೆ ನಿಂತವರ ಹಾಗೆ ಇನ್ನಷ್ಟು ಬಾಗಿತು. ಕೊನೆಗೆ ಅವನು ಅದನ್ನು ಕರವಸ್ತ್ರದಂತೆ ನಾಲ್ಕು ಮಡಿಕೆ ಮಾಡಿ ತಾಟಿನಲ್ಲಿಟ್ಟ. ಬೇಕೆಂದು ಮಾಡಿದ್ದಲ್ಲ, ಮಡಿಚಿಕೊಂಡಿತು, ಅಷ್ಟೆ.

"ಮುಂದಿನ ಬುಧವಾರ ಮತ್ತೆ ಬರ್ತೇನೆ, ಅಕ್ಕ," ಎಂದ ಎದ್ದು ನಿಂತು. "ಅವತ್ತು ಮುರಿದ್ರೆ ಈ ಸೀಸನ್ ಪೂರಾ ನಿಮ್ಮ ರೊಟ್ಟಿಯೇ. ಇಲ್ಲದಿದ್ರೆ ಹಳಿಯಾಳದ ಮಹಿಳಾ ಸಂಘದವ್ರು ಕೇಳ್ತಾ ಇದ್ದಾರೆ."

ಅವನ ಜೀಪು ಮೂಲೆ ತಿರುಗುವ ತನಕ ಗೂಳಪ್ಪ ಬಾಗಿಲಲ್ಲಿ ನಿಂತು ಕೈ ಬೀಸಿದ. ಆಮೇಲೆ, ಅದು ಸೋರಿದ್ದಲ್ಲ, ಬೆವರಿದ್ದು, ಎಂದು ಹೆಂಡತಿಗೆ ವಿವರಿಸತೊಡಗಿದ. ಮನೆ ಅಂದಮೇಲೆ ಒಮ್ಮೊಮ್ಮೆ ಬೆವರುತ್ತದಂತೆ.

"ಮಿಲ್ಲಿನ್ಯಾಗ ಮೂವತ್ತೊಂದು ವರ್ಷ ನೀವಂತೂ ಬೆವರಲಿಲ್ಲ," ಎಂದಳು ಶಂಕ್ರೆವ್ವ. "ನಿಮ್ಮ ಬದ್ಲಿ ಮನಿಯಾರ ಬೆವರ್ಲಿ ಬಿಡ್ರಿ."

ಬೆವರದಿದ್ದದ್ದು ಸುಳ್ಳಲ್ಲ. ಗೂಳಪ್ಪನ ಅಪ್ಪ ನವಲಗುಂದದ ಕಡೆಯಿಂದ ಬಂದು ಕಾಗದದ ಮಿಲ್ಲಿನ ಬಿದಿರಿನ ಅಂಗಳದಲ್ಲಿ ಬೆನ್ನು ಬಗ್ಗಿಸಿ ದುಡಿದವನು. ಮಗ ಇಪ್ಪತ್ತೆರಡಕ್ಕೇ 'ಫೆಲ್ಟ್ ಡಿಪಾರ್ಟ್‌ಮೆಂಟ್' ಸೇರಿದ. ಮದುವೆಯಾದ ಮೂರನೆಯ ದಿನ, ಬೇರೆ ಗಂಡಂದಿರು ಬೇರೆ ಮಾತಾಡುವ ಹೊತ್ತಿನಲ್ಲಿ, ಅವನು ಹೆಂಡತಿಗೆ ಫೆಲ್ಟ್ ಅಂದರೆ ಏನೆಂದು ಹೇಳಿಕೊಟ್ಟ. ಅದು ಮನೆಯಗಲದ, ಬೀದಿಯುದ್ದದ ದಪ್ಪ ಕಂಬಳಿ. ಕಾಗದವಾಗಬೇಕಾದ ಹಸಿ ರಾಡಿ ಅದರ ಮೇಲೆ ಮಲಗಿ ಮಷಿನ್ನಿನೊಳಗೆ ಸವಾರಿ ಹೋಗುತ್ತದೆ. ಕಂಬಳಿ ನೀರು ಕುಡಿಯುತ್ತದೆ, ರಾಡಿ ಕಾಗದವಾಗುತ್ತದೆ. ನಿನ್ನ ಕೈಯಲ್ಲಿರುವ ಲಗ್ನಪತ್ರಿಕೆಯ ನೀರನ್ನೂ ನಮ್ಮ ಫೆಲ್ಟೇ ಕುಡಿದದ್ದು, ಎಂದ. ಹತ್ತೊಂಬತ್ತರ ಶಂಕ್ರೆವ್ವ ಲಗ್ನಪತ್ರಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದ್ದಳು.

ಆ ಓಣಿಯ ಉಳಿದ ಗಂಡಸರು ಶಿಫ್ಟ್ ಮುಗಿಸಿ ಬಂದರೆ ಅಂಗಿ ಮೈಗೆ ಅಂಟಿ, ತಲೆಗೂದಲಲ್ಲಿ ರಾಡಿ ಒಣಗಿ, ಗುರುತು ಸಿಗುತ್ತಿರಲಿಲ್ಲ. ಗೂಳಪ್ಪ ಮಾತ್ರ ಹೇಗೆ ಹೋದನೋ ಹಾಗೇ ಬರುತ್ತಿದ್ದ, ಅಂಗಿತೋಳಿನ ಇಸ್ತ್ರಿಯ ಗೆರೆ ಸಹಿತ. ಅಷ್ಟು ಬಾಯಾರಿದ ಕಂಬಳಿಯ ಸಂಗಡ ಇರುವವನ ಮೈಮೇಲೆ ಪಸೆ ಎಲ್ಲಿ ಉಳಿದೀತು ಎಂದು ಶಂಕ್ರೆವ್ವ ನಳದ ಕಟ್ಟೆಯಲ್ಲಿ ಜಂಬ ಕೊಚ್ಚಿಕೊಂಡದ್ದುಂಟು. ಈಗ ಅದನ್ನು ನೆನೆದರೆ ಅವಳಿಗೆ ನಳದ ಕೆಳಗೇ ತಲೆ ಇಡಬೇಕೆನಿಸುತ್ತದೆ.

ಒಬ್ಬ ಗೂಳಪ್ಪನನ್ನು ಬೈದು ಫಲವಿಲ್ಲ. ಇಡೀ ಊರಿಗೆ ಫೆಲ್ಟಿನ ಹುಚ್ಚು. ಸವೆದ ಫೆಲ್ಟ್ ಮಿಲ್ಲಿನಿಂದ ಹರಾಜಿಗೆ ಬಂದರೆ ಜನ ಕಂಬಳಿ ಕಾಣದವರ ಹಾಗೆ ಮುಗಿಬೀಳುತ್ತಿದ್ದರು. ಮಂಚದ ಮೇಲೆ ಫೆಲ್ಟ್, ಸ್ಕೂಟರಿನ ಮೇಲೆ ಫೆಲ್ಟ್, ಇಸ್ತ್ರಿ ಮೇಜಿಗೆ ಫೆಲ್ಟ್, ಮಳೆಗಾಲದಲ್ಲಿ ಎಮ್ಮೆಗೂ ಫೆಲ್ಟ್. ಮನೆಯಲ್ಲಿ ಎಲ್ಲಿ ಹಸಿ ಕಂಡರೂ ಅಲ್ಲೊಂದು ತುಂಡು ಒಗೆದುಬಿಟ್ಟರೆ ಮುಗಿಯಿತು, ಅದು ಕುಡಿಯುತ್ತದೆ ಎಂಬ ನಂಬಿಕೆ ಮಿಲ್ಲಿನ ಊರಿಗೇ ಮೀಸಲು. ಬೇರೆ ಊರಿನವರಾದರೆ, ಕುಡಿದದ್ದನ್ನು ಅದು ಆಮೇಲೆ ಏನು ಮಾಡುತ್ತದೆ ಎಂದಾದರೂ ಕೇಳುತ್ತಿದ್ದರು. ಇಲ್ಲಿ ಕುಡಿದವರನ್ನು ಹಾಗೆಲ್ಲ ಕೇಳುವ ಪದ್ಧತಿ ಇಲ್ಲ.

ನಿವೃತ್ತನಾದ ತಿಂಗಳಿಗೇ ಗೂಳಪ್ಪ ಎರಡು ಟ್ರ್ಯಾಕ್ಟರ್ ಹಳೆ ಫೆಲ್ಟ್ ತಂದು ಅಂಗಳಕ್ಕೆ ಹಾಕಿದ. ದಾಂಡೇಲಿ, ಹಳಿಯಾಳ, ಮುಂಡಗೋಡದ ತಗಡಿನ ಮನೆಗಳನ್ನೆಲ್ಲ ಬಿಸಿಲಿನಿಂದ ಪಾರುಮಾಡುವ ಸಂಕಲ್ಪ ಮಾಡಿದ. 'ಗೂಳಪ್ಪ ಉಷ್ಣ ನಿರೋಧಕ' ಎಂದು ಬೋರ್ಡು ಬರೆಯಿಸಿದ. ಬರೆಯುವವನು ಗೂಳಪ್ಪನ ಹೆಸರನ್ನು ದೊಡ್ಡದಾಗಿ ಬರೆದು ಜಾಗ ಸಾಲದೆ ಕೊನೆಯ ಅಕ್ಷರ ಬಿಟ್ಟ. ಒಂದು ವಾರ ಸಂಜೆ ಹೊತ್ತು, ತಲೆ ತಗ್ಗಿಸಿಕೊಂಡು, ಬೇರೆಯದೇ ಸಾಮಾನು ಕೇಳುವವರು ಬಾಗಿಲಿಗೆ ಬಂದರು. ಅವರಿಗೂ ಗೂಳಪ್ಪ ಫೆಲ್ಟನ್ನೇ ತೋರಿಸಿದ.

ಅವನ ವಿಧಾನ ಸರಳ. ತಗಡಿಗೆ ಒಳಗಿನಿಂದ ಫೆಲ್ಟನ್ನು ಒತ್ತಿ ಹಚ್ಚಿ, ಬಿದಿರ ಪಟ್ಟಿ ಬಡಿದು, ಗಾಳಿ ಬರುವ ಸಂದುಗೊಂದಿಗಳಿಗೆಲ್ಲ ಉಳಿದ ತುಂಡು ತುರುಕುವುದು. ಮೊದಲ ಪ್ರಯೋಗ ಸ್ವಂತ ಮನೆ. ಒಲೆಯ ಮೇಲಿದ್ದ ಹೊಗೆಕಿಂಡಿಯನ್ನೂ, ಅಲ್ಲಿಂದ ಬಿಸಿಲು ಇಣುಕುತ್ತದೆಂದು, ಮುಚ್ಚಿದ.

ಶಂಕ್ರೆವ್ವ ಗಂಡನಿಗೆ ಸೇರಬೇಕಾದ್ದನ್ನು ಇಲ್ಲವೆನ್ನುವವಳಲ್ಲ. ಆ ಏಪ್ರಿಲ್ಲಿನಲ್ಲಿ ಮನೆ ತಂಪಾಗಿತ್ತು. ಹಿಂದಿನ ವರ್ಷ ಮಧ್ಯಾಹ್ನ ತಗಡಿನ ಮೇಲೆಯೇ ರೊಟ್ಟಿ ಬೇಯಿಸಬಹುದಿತ್ತು, ಕೆಳಗೆ ಕೂತವರನ್ನೂ. ಈಗ ನೆತ್ತಿಗೆ ಕೆಂಡ ಹಿಡಿದಂತಾಗುತ್ತಿರಲಿಲ್ಲ. ಓಣಿಯವರು ಬಂದು ಕೂತು, ಹಾಯಾಗಿದೆ ಅನ್ನುತ್ತಾ ಚಹಾ ಕುಡಿದು ಹೋದರು. ಗೂಳಪ್ಪ ಹಳಿಯಾಳದ ಅಸ್ಮಾಳ ಬ್ಯೂಟಿ ಪಾರ್ಲರಿಗೆ ಫೆಲ್ಟ್ ಹೊಡೆದ. ಮುಂಡಗೋಡದ ಆಚೆ ಚಿಗಳ್ಳಿಯಲ್ಲಿ ದ್ಯಾಮಪ್ಪನೆಂಬವನ ಗೋವಿನಜೋಳದ ಕೋಣೆಗೆ ಹೊಡೆದ. ಮೇ ಮುಗಿಯುವ ಹೊತ್ತಿಗೆ ಅವನು ತನ್ನನ್ನು ತಾನೇ ಎಂಜಿನಿಯರ್ ಎಂದು ಪರಿಚಯ ಮಾಡಿಕೊಳ್ಳುತ್ತಿದ್ದ.

ಜೂನ್ ಬಂತು. ಜೂನಿಗೆ ಎಂಜಿನಿಯರುಗಳ ಬಗ್ಗೆ ಗೌರವ ಕಡಿಮೆ.

ಮಳೆ ಒಳಗೆ ಬರಲಿಲ್ಲ, ನಿಜ. ಆದರೆ ಒಳಗಿನ ಪಸೆ ಹೊರಗೂ ಹೋಗಲಿಲ್ಲ. ಬೆಂಕಿಕಡ್ಡಿ ಗೀರಿದರೆ ಉಗುಳಿದಂತೆ ಸದ್ದು ಮಾಡಿ ಸುಮ್ಮನಾಯಿತು. ಉಪ್ಪಿನ ಡಬ್ಬಿಯಲ್ಲಿ ಉಪ್ಪುನೀರು. ಗೂಳಪ್ಪನ ನಿವೃತ್ತಿಯ ದಿನದ ಚರ್ಮದ ಚಪ್ಪಲಿಯ ಮೇಲೆ ಹಸಿರು ಮೀಸೆ. ಚಿಗಳ್ಳಿಯ ದ್ಯಾಮಪ್ಪ ಕೋಣೆ ತೆಗೆದು ನೋಡಿದರೆ ಚೀಲದೊಳಗಿನ ಗೋವಿನಜೋಳ ಗೇಣುದ್ದ ಮೊಳೆತಿತ್ತು. ಅವನು ಫೋನು ಮಾಡಿ ಬೈದದ್ದಕ್ಕೆ ಗೂಳಪ್ಪ, ಬಿತ್ತದೇ ಬೆಳೆ ಬಂತಲ್ಲ ಎಂದು ಸಮಾಧಾನ ಹೇಳಿದ. ಅಸ್ಮಾ ತಾನೇ ಏಣಿ ಹತ್ತಿ ಫೆಲ್ಟ್ ಕಿತ್ತು ಹಾಕಿದಳು. ಈಗ ಅದರ ಮೇಲೆ ಅವಳ ಆಡು ಮಲಗುತ್ತದೆ, ಅದೂ ಬಿಸಿಲಿದ್ದರೆ ಮಾತ್ರ.

ಮಳೆ ನಿಂತ ಮೇಲೆ ಎಲ್ಲ ಒಣಗುತ್ತದೆ ಎಂದ ಗೂಳಪ್ಪ. ದಸರಾ ಹೋಯಿತು, ದೀಪಾವಳಿ ಹೋಯಿತು. ಹೊಳೆಯ ಮೇಲಿನ ಮಂಜು ಬೆಳಗಿನ ಹೊತ್ತು ಓಣಿಯೊಳಗೆ ಬಂದು ಕೂತುಕೊಳ್ಳುವ ಚಳಿಗಾಲ ಬಂತು. ಆಗ ಶುರುವಾಯಿತು ಈ ಹೊಸ ಮಳೆ. ದಿನಾ ಬೆಳಿಗ್ಗೆ, ಬಿಸಿಲು ತಗಡಿಗೆ ತಾಗಿದ ಅರ್ಧ ತಾಸಿಗೆ, ಮೇಲಿಂದ ಟಪ್ ಟಪ್. ಸೂರು ಇರುವುದೇ ಸೋರಲಿಕ್ಕೆ ಎಂದು ಒಪ್ಪಿಕೊಂಡವರಿಗೆ ಇದು ದೊಡ್ಡದಲ್ಲ. ಆದರೆ ಆ ಸೂರಿನ ಕೆಳಗೆ ಹನ್ನೊಂದು ವರ್ಷದಿಂದ ಶಂಕ್ರೆವ್ವನ ರೊಟ್ಟಿ ಒಣಗುತ್ತಿತ್ತು. ಆ ಹನಿಯೇ ಅವಳಿಗೆ ಹಾನಿ.

ರೊಟ್ಟಿ ಬಡಿಯುವುದರಲ್ಲಿ ಅವಳಿಗೆ ಜೊತೆ ಗಂಗೂ. ಹಳಿಯಾಳದ ಆಚೆಯ ಹಳ್ಳಿಯ ಸಿದ್ದಿ ಹೆಂಗಸು. ಮನೆಯಲ್ಲಿ ಕೊಂಕಣಿ, ಇಲ್ಲಿ ಶಂಕ್ರೆವ್ವನಿಂದಲೇ ಕಲಿತ ಧಾರವಾಡದ ಕನ್ನಡ, ಎರಡರಲ್ಲೂ ನಾಲಿಗೆ ಚೂಪು. ಒಂಬತ್ತು ವರ್ಷದಲ್ಲಿ ಅವಳ ರೊಟ್ಟಿ ಶಂಕ್ರೆವ್ವನ ರೊಟ್ಟಿಗಿಂತ ತೆಳುವಾಗಿತ್ತು. ಈ ಸೀಸನ್ನಿನ ಆರ್ಡರು ಹೋದರೆ ಇಬ್ಬರ ಒಲೆಯೂ ಆರಿದಂತೆ. ಮಹಾಬಳೇಶ್ವರ ಮಡಿಚಿಟ್ಟುಹೋದ ರೊಟ್ಟಿಯನ್ನು ಗಂಗೂ ಬಿಡಿಸಿ ನೋಡಿದಳು. "ಅಕ್ಕಾ, ಇದನ್ನ ಅಣ್ಣಾರ ಕಿಸೆದಾಗ ಇಡು," ಎಂದಳು. "ಮಾರಿ ವರಸ್ಕೋಳಾಕ ಬರತೈತಿ."

ಸೋಮವಾರ ಅವಳ ಕೈಯಿಂದಲೇ ಒಂದು ತಪ್ಪಾಯಿತು. ಬಸ್ಸಿನ ಅವಸರದಲ್ಲಿ, ಹಂಚಿನಿಂದ ಇಳಿದ ಬಿಸಿ ರೊಟ್ಟಿಗಳನ್ನು ಆರಲು ಬಿಡದೆ ಸ್ಟೀಲಿನ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು. ರೊಟ್ಟಿ ಬಡಿಯುವವರು ಮೊದಲ ದಿನವೇ ಕಲಿಯುವ ಪಾಠವೆಂದರೆ ಇದನ್ನು ಮಾಡಬಾರದು ಎಂಬುದು. ಶಂಕ್ರೆವ್ವ ಗಡಬಡಿಸಿ ಮುಚ್ಚಳ ತೆಗೆದಳು. ಅದರ ಒಳಮೈ ತುಂಬ ಹನಿ ಸಾಲುಗಟ್ಟಿ, ಬೀಳಲೋ ಬೇಡವೋ ಎಂದು ನಿಂತಿತ್ತು.

ಅವಳು ಬೈಯಲಿಲ್ಲ. ಮುಚ್ಚಳ ನೋಡಿದಳು. ಆಮೇಲೆ ಕತ್ತೆತ್ತಿ ಚಾವಣಿ ನೋಡಿದಳು.

"ಗಂಗೂ," ಎಂದಳು ಮೆಲ್ಲಗೆ, "ನಾವಿಬ್ಬರೂ ಡಬ್ಬ್ಯಾಗ ಅದೀವಿ."

ಒಮ್ಮೆ ಹೊಳೆದ ಮೇಲೆ ಉಳಿದದ್ದೆಲ್ಲ ಬಿಚ್ಚಿಕೊಂಡಿತು. ದಿನಕ್ಕೆ ಎರಡು ಕೊಡ ನೀರು ಈ ಕೋಣೆಯಲ್ಲಿ ಕುದಿಯುತ್ತದೆ, ಎರಡು ಒಲೆ ಉರಿಯುತ್ತವೆ, ಇಬ್ಬರು ಹೆಂಗಸರು ಉಸಿರಾಡುತ್ತಾರೆ, ಒಬ್ಬ ಗಂಡಸು ಎಡಬಿಡದೆ ಮಾತಾಡುತ್ತಾನೆ. ಆ ಹಬೆಯೆಲ್ಲ ಮೇಲೇರುತ್ತದೆ. ಮೊದಲಾದರೆ ಹೊಗೆಕಿಂಡಿಯಿಂದ ಹೋಗುತ್ತಿತ್ತು. ಈಗ ಫೆಲ್ಟಿನೊಳಗೆ ನುಗ್ಗುತ್ತದೆ. ಕಂಬಳಿ ಹಬೆಯನ್ನು ತಡೆಯುತ್ತದೆಯೇ? ಅದರ ಹಿಂದೆ ರಾತ್ರಿಯ ಚಳಿಗೆ ತಣ್ಣಗಾದ ತಗಡು, ಡಬ್ಬಿಯ ಮುಚ್ಚಳದ ಹಾಗೆ. ಹಬೆ ಅಲ್ಲಿ ನೀರಾಗಿ ಕೂರುತ್ತದೆ. ಬೆಳಿಗ್ಗೆ ಬಿಸಿಲು ತಗಡನ್ನು ಕಾಯಿಸಿ, ನಿನ್ನೆ ಇವರು ಕಳಿಸಿದ್ದನ್ನು ಇವರಿಗೇ ವಾಪಸು ಕಳಿಸುತ್ತದೆ. ಇಷ್ಟು ದಿನ ಅವಳ ರೊಟ್ಟಿ ಕುಡಿಯುತ್ತಿದ್ದುದು ಅವಳದೇ ಹಿಟ್ಟಿನ ನೀರನ್ನು.

ಸಂಜೆ ಇದನ್ನೆಲ್ಲ ಗಂಡನ ಮುಂದೆ ಹೇಳಿದಳು. ಗೂಳಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ. ತಿಳಿಯದವರು ಮಾತಾಡುವಾಗ ಕಣ್ಣು ಮುಚ್ಚುವುದು ಅವನ ದೊಡ್ಡತನ. ಬೀದಿಯುದ್ದದ ಕಾಗದವನ್ನೇ ಒಣಗಿಸುವ ಫೆಲ್ಟಿಗೆ ಒಂದು ಅಡಿಗೆಮನೆ ಯಾವ ಲೆಕ್ಕ, ಎಂದ. ಇನ್ನೂ ಸ್ವಲ್ಪ ಕುಡಿಯಲಿ, ತಾನಾಗಿಯೇ ನಿಲ್ಲಿಸುತ್ತದೆ. ತೆಗೆದರೆ ಏಪ್ರಿಲ್ಲಿನಲ್ಲಿ ಬಿಸಿಲು ಮತ್ತೆ ನೆತ್ತಿಗೆ ಬರುತ್ತದೆ.

"ಒದ್ದಿ ಅರಿವೀಲೆ ಹಂಚ ಹಿಡದ್ರ ಕೈ ಸುಡತೈತೋ ಇಲ್ಲೋ?" ಎಂದಳು ಶಂಕ್ರೆವ್ವ. "ಒಣಾ ಅರಿವಿ ಇದ್ರ ಸುಡೂದಿಲ್ಲ. ನಿಮ್ಮ ಫೆಲ್ಟ್ ಈಗ ಒದ್ದಿ ಅರಿವಿ. ಅದು ಬಿಸಲನ್ನೂ ತಡಿಯೂದಿಲ್ಲ, ಏನನ್ನೂ ತಡಿಯೂದಿಲ್ಲ."

"ಹಂಚ ಬ್ಯಾರೆ, ಮನಿ ಬ್ಯಾರೆ," ಎಂದ ಗೂಳಪ್ಪ. ಇದು ಅವನ ಎಂಜಿನಿಯರಿಂಗಿನ ಕೊನೆಯ ಮಾತು.

ಮಂಗಳವಾರ ಬೆಳಿಗ್ಗೆ ಅವನು ಇಸ್ತ್ರಿ ಅಂಗಿ ತೊಟ್ಟು, ಮೊಳಕೆಯ ದ್ಯಾಮಪ್ಪನನ್ನು ಸಮಾಧಾನ ಮಾಡಲು ಚಿಗಳ್ಳಿಗೆ ಹೋದ. ಅವನ ಬಸ್ಸು ಹೊರಟ ಸದ್ದಿಗೇ ಇಬ್ಬರು ಹೆಂಗಸರು ಏಣಿ ತಂದರು. ಅಡಿಗೆಮನೆ, ಪಡಸಾಲೆ ಎರಡರ ಮೇಲಿನ ಬಿದಿರ ಪಟ್ಟಿ ಕೀಳುತ್ತಲೂ ಫೆಲ್ಟ್ ಎಮ್ಮೆಕರು ಜಾರಿದಂತೆ ಧೊಪ್ಪನೆ ಕೆಳಗೆ ಬಿತ್ತು. ಒಳಮೈಯಲ್ಲಿ ತುಕ್ಕಿನ ಹಕ್ಕಳೆ, ಬಿಳಿ ಬೂಸ್ಟು, ಒಂದು ಮೂಲೆಯಲ್ಲಿ ಕೊಡೆ ಬಿಚ್ಚಿ ನಿಂತ ಅಣಬೆ. ಎತ್ತಲು ಇಬ್ಬರಿಗೂ ಆಗದೆ ಎಳೆದುಕೊಂಡು ಹೋಗಿ ಕಾಂಪೌಂಡ್ ಗೋಡೆಯ ಮೇಲೆ ಒಣಹಾಕಿದರು. ಇದನ್ನು ಹಿಂಡಿದರೆ ನಳ ಬಾರದ ದಿನ ಓಣಿಗೆಲ್ಲ ನೀರಾಗುತ್ತದೆ ಎಂದು ಗಂಗೂ ಲೆಕ್ಕ ಹಾಕಿದಳು.

ಬಿಸಿಲಿನ ಕತೆ ಏನು ಎಂಬ ಚಿಂತೆ ಶಂಕ್ರೆವ್ವನಿಗೆ ಇದ್ದೇ ಇತ್ತು. ಗಂಗೂ ಹಿತ್ತಲಿನಿಂದ ಬಿದಿರ ತಟ್ಟಿ ತಂದು, ತಗಡಿಗೆ ತಾಗದಂತೆ ಒಂದು ಗೇಣು ಕೆಳಗೆ ಇಳಿಬಿಟ್ಟು ಕಟ್ಟಿದಳು, ಎರಡೂ ತುದಿ ಬಯಲಿಗೆ ತೆರೆದಿರುವ ಹಾಗೆ. ತಗಡಿನ ಕಾವು ನಡುವೆಯೇ ಗಾಳಿಯ ಜೊತೆ ಹೊರಗೆ ಹೋಗಲಿ ಎಂದು. ಇದನ್ನು ಎಲ್ಲಿ ಕಲಿತೆ ಎಂದು ಶಂಕ್ರೆವ್ವ ಕೇಳಿದಳು.

"ನಮ್ಮ ಕೋಳಿಗೂಡಿಗೆ ಹಿಂಗ ಕಟ್ಟೇನಿ, ಅಕ್ಕಾ. ಒಂದ ಕೋಳೀನೂ ತಕರಾರು ಹೇಳಿಲ್ಲ."

ಹೊಗೆಕಿಂಡಿಯಲ್ಲಿ ತುರುಕಿದ್ದ ಗಂಟನ್ನು ಶಂಕ್ರೆವ್ವ ತಾನೇ ಕೋಲಿನಿಂದ ಚುಚ್ಚಿ ಹೊರಗೆ ದಬ್ಬಿದಳು. ಒಲೆ ಹೊತ್ತಿಸಿದಾಗ ಹಬೆ ಒಂದು ಕ್ಷಣ ದಾರಿ ಮರೆತವರಂತೆ ತಡವರಿಸಿ, ನೆನಪಾಗಿ, ನೆಟ್ಟಗೆ ಹೊರಗೆ ನಡೆಯಿತು. ಇಬ್ಬರೂ ರೊಟ್ಟಿ ಬಡಿಯಲು ಕೂತರು.

ಸಂಜೆ ಗೂಳಪ್ಪ ಬಂದು ಗೋಡೆಯ ಮೇಲಿನ ಫೆಲ್ಟ್ ಕಂಡು ನಿಂತ. ರಾಮಾಯಣ ಆಗುತ್ತದೆ ಎಂದು ಶಂಕ್ರೆವ್ವ ಲಟ್ಟಣಿಗೆ ಹತ್ತಿರ ಇಟ್ಟುಕೊಂಡಿದ್ದಳು. ಆದರೆ ಅವನು ಕೂಗಾಡಲಿಲ್ಲ. ಹತ್ತಿರ ಹೋಗಿ ಕೈಯಿಂದ ಒತ್ತಿದ. ಕಂದು ನೀರು ಬೆರಳ ಸಂದಿಯಿಂದ ಹೊರಟು, ಇಸ್ತ್ರಿಯ ಗೆರೆಯನ್ನೇ ಹಿಡಿದುಕೊಂಡು ಮೊಣಕೈ ತನಕ ಇಳಿಯಿತು. ಅವನು ಕೈ ಝಾಡಿಸಲೂ ಇಲ್ಲ. ಯಾರದೋ ಕೈ ನೋಡುವವನಂತೆ ನೋಡುತ್ತಾ ನಿಂತ. ಊಟಕ್ಕೆ ಕೂತಾಗಲೂ ಮಾತಿಲ್ಲ. ಮದುವೆಯಾದಾಗಿನಿಂದ ಆ ಮನೆಯಲ್ಲಿ ಅಷ್ಟು ಒಣ ಹವೆ ಇರಲಿಲ್ಲ.

ಬುಧವಾರ ಮಹಾಬಳೇಶ್ವರ ಬಂದ. ಮುಂಜಾಗ್ರತೆಗೆ ಟೊಪ್ಪಿಗೆ ಹಾಕಿಕೊಂಡಿದ್ದ. ಕೂರುವ ಮೊದಲು ಮೇಲೆ ನೋಡಿದ, ಚಹಾದ ಕಪ್ಪಿನ ಮೇಲೆ ಬಸಿಯನ್ನು ಮುಚ್ಚಿಟ್ಟುಕೊಂಡ. ಶಂಕ್ರೆವ್ವ ತಾಟು ಇಟ್ಟಳು. ಅವನು ಒಂದು ರೊಟ್ಟಿ ಎತ್ತಿ ಎರಡೂ ಕೈಯಲ್ಲಿ ಹಿಡಿದ. ಗಂಗೂ ಒಲೆಯ ಮುಂದೆ ಬಡಿಯುವುದನ್ನು ನಿಲ್ಲಿಸಿದಳು.

ಟಕ್.

ತುಂಡೊಂದು ಹಾರಿ ಗೂಳಪ್ಪನ ಕಾಲಬಳಿ ಬಿತ್ತು. ಮಹಾಬಳೇಶ್ವರ ಇನ್ನೊಂದು ಮುರಿದ, ಮತ್ತೊಂದು ಮುರಿದ. ಇನ್ನು ಸುಮ್ಮನಿದ್ದರೆ ಆರ್ಡರನ್ನೆಲ್ಲ ಇಲ್ಲೇ ಮುರಿದು ಹೋಗುತ್ತಾನೆಂದು ಶಂಕ್ರೆವ್ವ ತಾಟು ಹಿಂದಕ್ಕೆಳೆದುಕೊಂಡಳು. ಮೇ ತನಕ ಮೂರೂ ಮನೆಗೆ ಇದೇ ರೊಟ್ಟಿ ಎಂದು ಅವನು ಒಪ್ಪಿಕೊಂಡ, ಟೊಪ್ಪಿಗೆಯನ್ನೂ ತೆಗೆದ.

ಹೊರಡುವಾಗ ಗೋಡೆಯ ಮೇಲಿನ ಫೆಲ್ಟ್ ಅವನ ಕಣ್ಣಿಗೆ ಬಿತ್ತು. ಅವನ ಕಾಟೇಜುಗಳಿಗೂ ತಗಡೇ. ಏಪ್ರಿಲ್ಲಿನಲ್ಲಿ ಗಿರಾಕಿಗಳು ಮಧ್ಯಾಹ್ನವೆಲ್ಲ ಹೊಳೆಯಲ್ಲೇ ಕೂತಿರುತ್ತಾರಂತೆ. ಬೇಸಿಗೆಯಲ್ಲಿ ಈ ಮನೆ ತಂಪಾಗಿತ್ತೆಂದು ಅವನೂ ಕೇಳಿದ್ದ. ಗೂಳಪ್ಪನ ಕಡೆ ತಿರುಗಿ, ಗುರುಗಳನ್ನು ಕೇಳುವಷ್ಟು ವಿನಯದಿಂದ ಕೇಳಿದ:

"ಅಲ್ಲ ಮಾರಾಯ್ರೇ, ನೀವು ಮೂವತ್ತೊಂದು ವರ್ಷ ಇದರಲ್ಲೇ ಇದ್ದವ್ರು. ಮಿಲ್ಲಿನಲ್ಲಿ ನೀರು ಕುಡಿದ ಫೆಲ್ಟನ್ನ ನೀವು ಮತ್ತೆ ಹೇಗೆ ಒಣಗಿಸ್ತಾ ಇದ್ರಿ? ಅದೊಂದು ಗುಟ್ಟು ಹೇಳಿಬಿಟ್ರೆ ನನ್ನ ಕಾಟೇಜಿಗೂ ನೀವೇ ಹೊಡೆದುಕೊಡಿ."

ಗಂಗೂ, ಇದು ಬೇಗ ಮುಗಿಯುವುದಲ್ಲ ಎಂದು ಮಣೆ ಎಳೆದುಕೊಂಡು ಕೂತಳು. ಶಂಕ್ರೆವ್ವ ಬೀದಿಯುದ್ದದ ಕಂಬಳಿಯ ಕತೆಗೆ ಮತ್ತೊಮ್ಮೆ ಕಿವಿ ಗಟ್ಟಿಮಾಡಿಕೊಂಡಳು. ಗೂಳಪ್ಪ ಎಡಗೈಯನ್ನು ಸೊಂಟದ ತನಕ ಒಯ್ದು, ಅಲ್ಲಿ ಇಡದೆ, ಇಳಿಬಿಟ್ಟ.

"ಅದು ನನಗ ಗೊತ್ತಿಲ್ರಿ," ಎಂದ. "ನಾ ಸ್ಟೋರಿನ್ಯಾಗ ಇದ್ದೆ. ಹೊಸಾವು ಪ್ಲಾಸ್ಟಿಕ್ ಸುತಗೊಂಡು ಬರ್ತಿದ್ವು, ಸಹಿ ಮಾಡಿ ಒಳಗ ಇಡಸ್ತಿದ್ದೆ. ನೀರು ಕುಡದ ಫೆಲ್ಟ್ ನಾ ಮುಟ್ಟಿದ್ದು ನಿನ್ನೇನ ಮೊದಲು."